ಲೆಫ್ಟ್ ಕಾರ್ನರ್

ನಯನ ಕೈ ಎತ್ತಿದ್ದು ತಪ್ಪು ಎಂದು ಧನಪಾಲನಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಮರುದಿನ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕೂತು ಎಡ ಮೊಣಕಾಲಿಗೆ ಬಿಸಿನೀರು ಹುಯ್ದುಕೊಳ್ಳುವಾಗಲೂ ಕಣ್ಣೆದುರು ಅದೇ ಇತ್ತು: ತರೀಕೆರೆಯ ಮೈದಾನ, ಕಬಡ್ಡಿ ಫೈನಲ್ ಮುಗಿಯುವ ಹೊತ್ತು, ಎರಡೂ ಕಡೆ ಸಮ ಪಾಯಿಂಟು, ಕಡೂರು ತಂಡದ ಅಶ್ವಿನಿ ಕೊನೆಯ ರೈಡಿಗೆ ಬಂದಿದ್ದಾಳೆ. ಎಡಮೂಲೆಯಲ್ಲಿದ್ದ ನಯನಳ ಕಡೆಗೆ ಅವಳು ಕಾಲು ಬೀಸಿದಳು. ನಯನ ಹಿಂದಕ್ಕೆ ಸರಿದಳು. ಬೀಸಿದ ಕಾಲಿಗೂ ನಯನಳ ಮೊಣಕಾಲಿಗೂ ನಡುವೆ ಗೇಣುದ್ದ ಜಾಗವಿತ್ತು. ಆ ಜಾಗದಲ್ಲಿ ಆಚೆ ಬದಿಯ ಸುಣ್ಣದ ಗೆರೆ ಅವನಿಗೆ ಕಂಡಿತ್ತು. ಅಶ್ವಿನಿ ಯಾರನ್ನೂ ಮುಟ್ಟದೆ ತನ್ನ ಅಂಕಣಕ್ಕೆ ವಾಪಸಾದಳು. ಏನೂ ಇಲ್ಲವೆಂದು ಅಂಪೈರು ಕೈಯಾಡಿಸಿದರು. ಅಷ್ಟರಲ್ಲಿ ನಯನ ಗೆರೆಯಾಚೆ ನಿಂತಿದ್ದ ಧನಪಾಲನ ಮುಖ ನೋಡಿದಳು, ಬಲಗೈ ಎತ್ತಿದಳು, ನನಗೆ ತಾಗಿತು ಎಂದು ತಾನೇ ಒಪ್ಪಿಕೊಂಡವಳಂತೆ ತಲೆ ತಗ್ಗಿಸಿಕೊಂಡು ಹೊರಗೆ ನಡೆದಳು. ಕಡೂರಿಗೆ ಒಂದು ಪಾಯಿಂಟು ಹೋಯಿತು, ಅದರ ಹಿಂದೆಯೇ ಆಟವೂ ಹೋಯಿತು. ಅಶ್ವಿನಿ ಸಂತೋಷಪಡುವುದನ್ನೂ ಮರೆತು, 'ನಾನು ಮುಟ್ಟೇ ಇಲ್ವಲ್ಲ' ಎಂದು ತನ್ನ ಕಡೆಯವರಿಗೆ ಹೇಳುತ್ತಿದ್ದುದು ಅವನಿಗೆ ಕೇಳಿಸಿತ್ತು. 'ಎತ್ತಬೇಡ' ಎಂದು ಒಂದು ಕೂಗು ಹಾಕುವಷ್ಟು ಹೊತ್ತಿತ್ತು. ಅವನು ಹಾಕಲಿಲ್ಲ.

ಕೈ ಎತ್ತುವುದು ಅವನೇ ಕಲಿಸಿದ್ದ ಪಾಠ. ತರೀಕೆರೆಯ ಕಾಲೇಜಿನಲ್ಲಿ ಅವನು ಅರೆಕಾಲಿಕ ಕೋಚು. ಹೊಸ ಹುಡುಗಿಯರು ಬಂದ ಮೊದಲ ದಿನ ಹಿಡಿತ ಕಲಿಸುವುದಕ್ಕೂ ಮುಂಚೆ ಅದನ್ನು ಹೇಳುತ್ತಿದ್ದ: ಅಂಪೈರ್ ನೋಡ್ಲಿ ಬಿಡ್ಲಿ, ರೈಡರ್ ತಾಗಿದ್ರೆ ಕೈ ಎತ್ತಿ ಆಚೆ ಬನ್ನಿ. ಹೇಳುವಾಗ ಅವನ ದನಿ ತುಸು ಗಂಭೀರವಾಗುತ್ತಿತ್ತು. ಹಾಗೆ ಗಂಭೀರವಾದದ್ದು ತನಗೇ ಕೇಳಿಸಿ ಕೆಮ್ಮುತ್ತಿದ್ದ.

ಈಗ ಆ ಕೈಯ ವಿಚಾರವಾಗಿಯೇ ಕಡೂರಿಗೆ ಹೋಗಬೇಕಾಗಿತ್ತು. ಇವತ್ತು ಅಲ್ಲಿ ಜಿಲ್ಲಾ ತಂಡದ ಆಯ್ಕೆ. ಆಯ್ಕೆ ಸಮಿತಿಯ ಮುಖ್ಯಸ್ಥ ಪ್ರಸನ್ನಕುಮಾರ್ ನಿನ್ನೆ ಆಟ ಮುಗಿಯುತ್ತಲೇ ಫೋನು ಮಾಡಿದ್ದ. 'ನಿನ್ನ ಹುಡುಗಿಗೆ ತಾಗಿತ್ತೋ ಇಲ್ವೋ, ನಾಳೆ ಬಂದು ನೀನೇ ಹೇಳು ಧನಪಾಲ. ತಾಗಿದ್ರೆ ಪರವಾಗಿಲ್ಲ, ಒಳ್ಳೇ ಹುಡುಗಿ ಅಂತ ತಗೋತೀವಿ. ತಾಗದೇ ಎತ್ತಿದ್ರೆ ಮಾತ್ರ ಕಷ್ಟ ಕಣಪ್ಪ. ಅಂಥೋಳನ್ನ ಕಾರ್ನರಲ್ಲಿ ನಿಲ್ಸಕ್ಕಾಗಲ್ಲ.' ನಯನಳಿಗೆ ಇದು ಕಾಲೇಜಿನ ಕೊನೆಯ ವರ್ಷ. ಜಿಲ್ಲಾ ತಂಡದಲ್ಲಿ ಹೆಸರು ಬಂದರೆ ರಾಜ್ಯಮಟ್ಟದ ಆಟ; ಅಲ್ಲಿ ಆಡಿ ಬಂದರೆ ಪೊಲೀಸ್ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬಹುದು. ಶಿವನಿಯಲ್ಲಿ ಅಂಗನವಾಡಿ ಸಹಾಯಕಿಯಾಗಿರುವ ಅವಳ ತಾಯಿ ದುರ್ಗಮ್ಮ ಮಗಳಿಗೆ ಬಂದ ಎರಡು ಸಂಬಂಧಗಳನ್ನು ಇದೇ ಕಾರಣಕ್ಕೆ ಮುಂದೂಡಿದ್ದಳು. ಇವತ್ತು ಹೆಸರು ಬರದಿದ್ದರೆ ಮುಂದೂಡಲು ಅವಳ ಬಳಿ ಕಾರಣ ಉಳಿಯುವುದಿಲ್ಲ.

'ತಾಗಿತ್ತು ಅಂತ ಹೇಳಿ ಬನ್ರೀ,' ಎಂದಳು ಹೆಂಡತಿ ವನಜಾಕ್ಷಿ, ಹೊಲಿಗೆ ಯಂತ್ರದ ಮೇಲಿನಿಂದ ಕಣ್ಣೆತ್ತದೆ. 'ಒಂದು ಮಾತು ಹೇಳಿದ್ರೆ ಸವೆದೋಗ್ತೀರಾ?'

'ಸುಳ್ಳಾಗುತ್ತೆ ಕಣೇ.'

'ಇಷ್ಟು ದಿನ ನಿಜ ಹೇಳಿದ್ದಕ್ಕೆ ಏನ್ ಬಂತು? ಮೊಣಕಾಲು ನೋವು ಬಂತು.'

ಅವನಿಗೆ ನಗು ಬಂತು. ಇವಳಿಗೂ ಗೊತ್ತಿಲ್ಲ ಎಂಬುದು ನಗುವಿನ ಜೊತೆಗೇ ನೆನಪಾಯಿತು. ಯಾರಿಗೂ ಗೊತ್ತಿಲ್ಲ. ತಾನು ನಿಜ ಹೇಳಿದ್ದೆನೋ ಇಲ್ಲವೋ ಎಂಬುದು ತನಗೇ ಗೊತ್ತಿಲ್ಲ.

ಧನಪಾಲನ ಮನೆಯಿದ್ದ ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ನಯನ ಆಗಲೇ ಬಂದು ನಿಂತಿದ್ದಳು. ಹೆಗಲಿಗೆ ಬ್ಯಾಗು, ಎರಡೂ ಮೊಣಕಾಲಿಗೆ ಈಗಲೇ ಹಾಕಿಕೊಂಡ ನೀಕ್ಯಾಪು. ಅವನನ್ನು ಕಂಡು 'ನಮಸ್ತೆ ಸಾರ್' ಎಂದು ಪಕ್ಕಕ್ಕೆ ಸರಿದಳು. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಜೊತೆಗೆ ಜಾಗವಿದ್ದರೂ ಅವನು ಅವಳ ಹಿಂದಿನ ಸೀಟಿಗೆ ಹೋದ. ಕೇಳಬೇಕಾದ ಪ್ರಶ್ನೆ ಒಂದೇ, ಅದೂ ಚಿಕ್ಕದು. ತನ್ನ ಸೀಟಿನ ಹಿಂದಿನ ಕಂಬಿ ಹಿಡಿದಿದ್ದ ಅವಳ ಬಲಗೈ ಅವನ ಮುಖದ ಹತ್ತಿರದಲ್ಲೇ ಇತ್ತು, ಉಗುರು ಬುಡಕ್ಕೇ ಕತ್ತರಿಸಿದ, ಹೆಬ್ಬೆರಳಿಗೆ ಪ್ಲಾಸ್ಟರು ಸುತ್ತಿದ ಕೈ. ಹಿಡಿಯಲೆಂದೇ ಬೆಳೆಸಿದ ಕೈ. ಅವನಿಗೂ ಆ ವಯಸ್ಸಿನಲ್ಲಿ ಅಂಥದೇ ಕೈಯಿತ್ತು. ಅಂತರಘಟ್ಟೆಯ ಹುಡುಗರ ತಂಡದಲ್ಲಿ ಶುರುವಾಗಿ, ಶಿವನಿಯವರ ಪರವಾಗಿ ಒಂದಷ್ಟು ಕಾಲ, ಲಕ್ಕವಳ್ಳಿ ಡ್ಯಾಮ್ ಕಾಲೊನಿಯವರ ಪರವಾಗಿ ಒಂದಷ್ಟು ಕಾಲ, ಒಂದು ಕಾರ್ಖಾನೆಯ ತಂಡ, ಒಂದೇ ಸೀಸನ್ ಮಟ್ಟಿಗೆ ಒಂದು ಬ್ಯಾಂಕಿನ ತಂಡ, ಉಳಿದಂತೆ ಯಾರು ಕರೆದರೆ ಅವರ ಕಡೆಗೆ ಗೆಸ್ಟ್ ಪ್ಲೇಯರ್. ಎಷ್ಟೋ ಸಲ ಬೆನ್ನ ಮೇಲೆ ಬೇರೆಯವರ ಹೆಸರಿರುವ ಬನಿಯನ್ನೇ ತೊಟ್ಟು ಆಡಿದ್ದ. ಅದರಿಂದ ತೊಂದರೆಯೇನೂ ಆಗಲಿಲ್ಲ, ಏಕೆಂದರೆ ಮೈಕಿನಲ್ಲಿ ಕೂಗುವವನು ಯಾವಾಗಲೂ ರೈಡರ ಹೆಸರನ್ನೇ ಕೂಗುತ್ತಿದ್ದ. ರೈಡರ್ ತಪ್ಪಿಸಿಕೊಂಡರೆ ರೈಡರ ಹೆಸರು, ಸಿಕ್ಕಿಬಿದ್ದರೂ ರೈಡರ ಹೆಸರೇ. ಮೂಲೆಯಿಂದ ಬಂದು ಅವನ ಹಿಮ್ಮಡಿ ಹಿಡಿದವನು ಯಾರಾದರೇನು.

ಆ ಮೂಲೆ ಅವನಿಗೆ ಹಿತವಾಗಿತ್ತು. ಮೂಲೆಯವನೂ ಪಕ್ಕದವನೂ ಕೈ ಕೈ ಹಿಡಿದು ನಿಲ್ಲಬೇಕು; ಒಬ್ಬ ನುಗ್ಗಿದರೆ ಇನ್ನೊಬ್ಬ ಎಳೆದುಕೊಳ್ಳಬೇಕು. ಬಹಳ ಕಾಲ ಅವನ ಪಕ್ಕದಲ್ಲಿ ನಿಲ್ಲುತ್ತಿದ್ದವನು ಇದೇ ಪ್ರಸನ್ನಕುಮಾರ್, ಕಡೂರಿನ ಕೊಬ್ಬರಿ ವ್ಯಾಪಾರದ ಮನೆಯ ಹುಡುಗ, ಆ ಕಾಲದ ಹೆಸರಾಂತ ರೈಡರ್. ಪ್ರಸನ್ನನ ಬೆವರಿದ ಎಡಗೈ ಇವನ ಬಲಗೈಯೊಳಗೆ. ಅಂಕಣದೊಳಗೆ 'ಲೇ ಪ್ರಸನ್ನ, ಹಿಂದೆ ಬಾರೋ' ಎಂದು ಗದರುತ್ತಿದ್ದವನು ಗೆರೆ ದಾಟಿ ಹೊರಗೆ ಬಂದೊಡನೆ 'ಪ್ರಸನ್ನಣ್ಣ' ಎನ್ನುತ್ತಿದ್ದ. ಹಾಗೆನ್ನಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಮ್ಮೆ ಗೆದ್ದ ಮೇಲೆ ಕರೆಸಿದ ಊರಿನವರು ಊಟಕ್ಕೆ ಕೂರಿಸಿದಾಗ ಎಲ್ಲರಿಗೂ ಪಡಸಾಲೆಯಲ್ಲಿ ಎಲೆ ಹಾಕಿ, 'ನೀನು ಇಲ್ಲಿ ಗಾಳೀಲಿ ಕೂತ್ಕೊಳ್ಳಪ್ಪ' ಎಂದು ಧನಪಾಲನಿಗೆ ಹೊರಗಿನ ಜಗಲಿಯ ಮೇಲೆ ಹಾಕಿದರು. ಅಲ್ಲಿ ನಿಜಕ್ಕೂ ಗಾಳಿ ಚೆನ್ನಾಗಿತ್ತು. ಪ್ರಸನ್ನ ಒಳಗಿನಿಂದ ಒಮ್ಮೆ ಇಣುಕಿ ನೋಡಿ, ಏನೋ ಹೇಳಲು ಹೊರಟವನು, ಹೋಳಿಗೆ ಬಂತೆಂದು ಕತ್ತು ತಿರುಗಿಸಿದ. ಧನಪಾಲ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಹಾಕಿಸಿಕೊಳ್ಳದಿದ್ದರೆ ಕೋಪ ಬಂದಿದೆ ಎಂದು ಅವರು ತಿಳಿಯಬಹುದಿತ್ತು.

ಬಸ್ಸು ರೈಲ್ವೆ ಗೇಟಿನ ಮುಂದೆ ನಿಂತಿತು. ಗಾಡಿ ಬರುವವರೆಗೆ ಯಾರೋ ಇಳಿದು ಬೀಡಿ ಹಚ್ಚಿದರು. ನಯನ ಹಿಂದೆ ತಿರುಗಿ ಏನೋ ಹೇಳುವಂತೆ ಮಾಡಿ ಮತ್ತೆ ಮುಂದಕ್ಕೆ ತಿರುಗಿದಳು. ಅವಳ ಕತ್ತಿನ ಹಿಂಭಾಗ ಕೆಂಪಾಗಿತ್ತು. ಇದನ್ನು ತಾನು ಬಲ್ಲೆ ಎನಿಸಿತು ಅವನಿಗೆ, ಈ ಕತ್ತನ್ನು, ಶಾಲೆಯ ಬೆಂಚಿನ ಮೇಲೆ ಮುಂದೆ ಕೂತವನ ಕತ್ತನ್ನೇ ನೋಡುತ್ತ ಕೂತಿದ್ದ ಆ ಬೆಳಿಗ್ಗೆಯನ್ನು. ಮೇಷ್ಟರ ಪೆನ್ನು ಕಳೆದಿತ್ತು. ಮೇಷ್ಟರು ಏನೂ ಕೇಳಿರಲಿಲ್ಲ, ಸಾಲಿನಿಂದ ಸಾಲಿಗೆ ಕಣ್ಣು ಹಾಯಿಸುತ್ತಿದ್ದರು, ಅಷ್ಟೆ. ಆ ಕಣ್ಣು ತನ್ನ ಸಾಲಿಗೆ ಬರುವ ಮೊದಲೇ ಧನಪಾಲ ಎದ್ದು ನಿಂತುಬಿಟ್ಟ. ಪೆನ್ನನ್ನು ಅವನು ಕಂಡೂ ಇರಲಿಲ್ಲ. ಮಧ್ಯಾಹ್ನ ಅದು ಮೇಷ್ಟರ ಕೊಡೆಯ ಮಡಿಕೆಯೊಳಗೇ ಸಿಕ್ಕಿತು. ಆ ಬಗ್ಗೆ ಯಾರೂ ಮಾತಾಡಲಿಲ್ಲ. ಸಂಜೆ ಅಂಗೈಯ ಬಾಸುಂಡೆಗೆ ಎಣ್ಣೆ ಸವರುತ್ತ ಅವ್ವ ತಿಪ್ಪಮ್ಮ ಕೂಡ ಬೈಯಲಿಲ್ಲ. 'ಅವ್ರು ಬೊಟ್ಟು ಮಾಡಿ ತೋರ್ಸೋಕ್ ಮುಂಚೆ ನೀನೇ ಎದ್ದು ನಿಂತ್ಯಲ್ಲ, ಅದೇ ವಾಸಿ ಬಿಡು ಮಗ,' ಎಂದಳು. ಅವ್ವ ಹೇಳಿದ್ದು ಸಮಾಧಾನದ ಮಾತು. ಅವನು ಅದನ್ನು ಬುದ್ಧಿಮಾತು ಮಾಡಿಕೊಂಡ.

ಹಾಸನದಲ್ಲಿ ನಡೆದದ್ದೂ ಅದೇ ಇರಬೇಕು. ರಾಜ್ಯ ತಂಡದ ಆಯ್ಕೆಗೆಂದು ಆಡಿಸಿದ ಪಂದ್ಯ. ರೈಡರ್ ಬಂದ, ತಿರುಗಿದ, ಹೋದ. ಧನಪಾಲನ ಮೊಣಕೈಯ ಮೇಲೆ ಏನೋ ಹಾದುಹೋಯಿತು. ಬೆರಳ ತುದಿಯೋ, ಗಾಳಿಯೋ, ತನ್ನದೇ ಬೆವರೋ. ಅಂಪೈರು ಇನ್ನೂ ಅವನ ಕಡೆ ತಿರುಗುತ್ತಿದ್ದರು. ಅವರು ಪೂರ್ತಿ ತಿರುಗುವ ಮೊದಲೇ ಕೈ ಮೇಲೆ ಹೋಗಿಬಿಟ್ಟಿತ್ತು. ಪಂದ್ಯ ಸೋತರು. ಆದರೆ ಗ್ಯಾಲರಿಯಲ್ಲಿ ಕೂತವರು ಎದ್ದು ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಗಳು ಮೈಕಿನಲ್ಲಿ ಇಂಥ ಯುವಕರು ಬೇಕು ಎಂದರು. ಒಂದು ಶಾಲು ಹೊದಿಸಿದರು. ತಂಡಕ್ಕೆ ತೆಗೆದುಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಅವನು 'ಕೈ ಧನಪಾಲ'. ಕೆಲವರಿಗೆ ತಮಾಷೆಗೆ, ಕೆಲವರಿಗೆ ಗೌರವಕ್ಕೆ. ಕ್ರೀಡಾ ದಿನಾಚರಣೆಗಳಲ್ಲಿ ಮಕ್ಕಳ ಮುಂದೆ ಪ್ರಾಮಾಣಿಕತೆಯ ಬಗ್ಗೆ ಮಾತಾಡಲು ಕರೆಯುತ್ತಿದ್ದರು. ಅವನು ಹೋಗಿ ಮಾತಾಡುತ್ತಿದ್ದ. ಮೊಣಕಾಲು ಕೈಕೊಟ್ಟು ಆಟ ನಿಂತಾಗ ಕಾಲೇಜಿನವರು ಕೋಚು ಕೆಲಸ ಕೊಟ್ಟದ್ದೂ ಆ ಹೆಸರಿನಿಂದಲೇ. ತಾಗಿತ್ತೇ ಎಂದು ಮಾತ್ರ ಯಾರೂ ಒಂದು ಸಲವೂ ಕೇಳಲಿಲ್ಲ. ಕೈ ಎತ್ತಿದ್ದಾನೆಂದ ಮೇಲೆ ತಾಗಿರಲೇಬೇಕಲ್ಲ.

ಬೀರೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಅವನು ಟೀ ಹೇಳಿದ. ನಯನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿಯದೆ ನಿಂತಳು.

'ಬೈಯೋದಿದ್ರೆ ಬೈದ್ಬಿಡಿ ಸಾರ್. ಹಿಂಗೆ ಸುಮ್ಮನಿರ್ಬೇಡಿ.'

'ತಾಗಿತ್ತೇನಮ್ಮ?'

'ಇಲ್ಲ ಸಾರ್.'

'ಮತ್ತೆ?'

'ನೀವು ನೋಡ್ತಿದ್ರಿ.'

'ಕೋಚ್ ಆದೋನು ನೋಡದೆ ಇನ್ನೇನ್ ಮಾಡ್ಬೇಕು?'

'ಹಂಗಲ್ಲ ಸಾರ್.' ಅವಳು ಲೋಟದೊಳಗೆ ನೋಡುತ್ತ ಮಾತಾಡಿದಳು. 'ನೀವು ನೋಡೋದು ಹೆಂಗಿರುತ್ತೆ ಅಂದ್ರೆ, ತಾಗಿರೋದು ನಿಮಗೆ ಮುಂಚೆನೇ ಗೊತ್ತು, ನಾವು ಒಪ್ಕೊಳ್ಳೋದನ್ನೇ ಕಾಯ್ತಿದೀರ ಅನ್ನೋ ಥರ. ಏನೂ ಮಾಡ್ದೇ ನಿಂತಿದ್ರೂ ಏನೋ ಕದ್ದೋರ ಥರ ಆಗುತ್ತೆ. ಅದ್ಕೇ ಎತ್ಬಿಟ್ಟೆ. ಎತ್ತಿದ್ ಮೇಲೆ ಹಗುರ ಆಯ್ತು. ಆಮೇಲೆ ಸ್ಕೋರ್ ನೋಡ್ದೆ.'

ಅವಳು, 'ನನಗೊಬ್ಳಿಗೇ ಅಲ್ಲ ಸಾರ್, ಎಲ್ರಿಗೂ ಹಂಗೇ,' ಎಂದು ಸೇರಿಸಿದಳು. 'ಬೇರೆ ಟೀಮ್ನೋರು ನಮ್ಮನ್ನ ಹಾಜರಿ ಟೀಮ್ ಅಂತಾರೆ. ಹೆಸರು ಕೂಗಿದ್ರೆ ಸಾಕು ಕೈ ಎತ್ತಾರೆ ಅಂತ.'

ಟೀ ಅಂಗಡಿಯವನು ನಕ್ಕ. ಅವಳೂ ಸ್ವಲ್ಪ ನಕ್ಕಳು, ತಕ್ಷಣ ಗಾಬರಿಯಾಗಿ ಟೀ ಕುಡಿದಳು. ಧನಪಾಲ ಚಿಲ್ಲರೆ ಕೊಟ್ಟು ಬಸ್ಸಿನ ಕಡೆಗೆ ನಡೆದ. ಸಿಟ್ಟು ಬರಬಹುದೆಂದು ಕಾದ, ಬರಲಿಲ್ಲ. ಇಷ್ಟು ವರ್ಷ ಅಂಕಣದ ಪಕ್ಕದಲ್ಲಿ ತಾನು ನಿಂತಿದ್ದೆನೆಂದು ತಿಳಿದುಕೊಂಡಿದ್ದ. ನಿಂತಿದ್ದವರು ಆ ಮೇಷ್ಟರು. ಸಾಲಿನಿಂದ ಸಾಲಿಗೆ ಕಣ್ಣು ಹಾಯಿಸುತ್ತ, ಏನೂ ಕೇಳದೆ. ಹುಡುಗಿಯರು ಕೈ ಎತ್ತಿದಾಗಲೆಲ್ಲ ಅವನೊಳಗೆ ಒಂದು ತೃಪ್ತಿ ಹುಟ್ಟುತ್ತಿದ್ದದ್ದು ನಿಜ. ತನ್ನ ಪಾಠ ಇವರಿಗೆ ತಲುಪಿತು ಎಂಬ ತೃಪ್ತಿ ಅದೆಂದುಕೊಂಡಿದ್ದ. ಅದು ಅದಾಗಿರಲಿಲ್ಲ. ಒಬ್ಬೊಬ್ಬಳು ಕೈ ಎತ್ತಿದಾಗಲೂ ಹಾಸನದ ತನ್ನ ಕೈ ಒಂದಿಷ್ಟು ಸರಿಯಾಗುತ್ತಿತ್ತು. ನಿನ್ನೆ ಗೇಣುದ್ದ ಜಾಗ ಕಂಡೂ ಕೂಗದೆ ನಿಂತದ್ದು ಅದಕ್ಕೇ. ಬಸ್ಸಿನಲ್ಲಿ ಈ ಸಲ ಅವಳ ಪಕ್ಕದಲ್ಲೇ ಕೂತ. ಕಿಟಕಿಯಾಚೆ ತೆಂಗಿನ ಸಾಲುಗಳು ಹಿಂದೆ ಸರಿಯುತ್ತಿದ್ದವು. ಅವಳು ಮೊಬೈಲಿನಲ್ಲಿ ಅವ್ವನಿಗೆ 'ಬೀರೂರು ಬಿಟ್ವಿ' ಎಂದು ಹೇಳುವುದನ್ನು ಕೇಳಿಸಿಕೊಂಡ.

ಕಡೂರಿನ ಮೈದಾನದಲ್ಲಿ ಆಗಲೇ ಹುಡುಗಿಯರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಶಾಮಿಯಾನದ ಕೆಳಗೆ ಕೂತಿದ್ದ ಪ್ರಸನ್ನಕುಮಾರ್ ದೂರದಿಂದಲೇ ಕೂಗಿದ: 'ಬಂತು ಕಣ್ರೋ ಕೈ ಪಾರ್ಟಿ! ಎಲೆಕ್ಷನ್ ಬಂತಾ ಏನ್ ಕಥೆ?' ಪಕ್ಕದಲ್ಲಿದ್ದ ಇಬ್ಬರು ನಕ್ಕರು. ನಯನಳನ್ನು ಮೈ ಬಿಸಿ ಮಾಡಿಕೊಳ್ಳಲು ಕಳಿಸಿ, ಧನಪಾಲ ಹತ್ತಿರ ಹೋಗಿ ಕೈ ಮುಗಿದ. ಪ್ರಸನ್ನ ಹೊಟ್ಟೆ ಬಂದಿದ್ದರೂ ಕಾಲು ಮಾತ್ರ ಈಗಲೂ ರೈಡರ ಹಾಗೆ ಆಡಿಸುತ್ತಲೇ ಇದ್ದ. ಎದ್ದು ಬಂದು ಇವನ ಹೆಗಲ ಮೇಲೆ ಕೈ ಹಾಕಿ ಶಾಮಿಯಾನದ ಹಿಂದಕ್ಕೆ ಕರೆದೊಯ್ದ.

'ಹೇಳಪ್ಪ. ತಾಗಿತ್ತಾ?'

'ತಾಗಿತ್ತು' ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದರೆ ಎಲ್ಲರೂ ನಂಬುತ್ತಾರೆ. ಹೇಳುತ್ತಿರುವವನು ಕೈ ಧನಪಾಲ. ಅಷ್ಟು ಸುಲಭವಾಗಿದ್ದುದರಿಂದಲೇ ಅವನಿಗೆ ಹೆದರಿಕೆಯಾಯಿತು.

'ಇಲ್ಲ ಪ್ರಸನ್ನಣ್ಣ. ತಾಗಿರ್ಲಿಲ್ಲ. ನಾನು ನೋಡ್ದೆ.'

'ಹೋಯ್ತು ಬಿಡು. ಸುಮ್ನೆ ತಾಗಿತ್ತು ಅನ್ನೋದಲ್ವೇನಯ್ಯ, ಮಾರಾಯ?'

'ತಪ್ಪು ಅವಳದ್ದಲ್ಲ. ನಾನು ನಿಂತಿದ್ದೆ ಅಂತ ಎತ್ತಿದ್ದಾಳೆ. ನಾನು ಆ ಮಕ್ಕಳನ್ನ ಹೆದರ್ಸಿಟ್ಟಿದೀನಿ.' ಮಾತು ಒಂದೇ ಉಸಿರಿಗೆ ಬಂತು. 'ಹಾಸನದಲ್ಲಿ ನನಗೂ ತಾಗಿತ್ತೋ ಇಲ್ವೋ ಗೊತ್ತಿಲ್ಲ, ಪ್ರಸನ್ನಣ್ಣ. ನೀವು ಪಕ್ಕದಲ್ಲೇ ಇದ್ರಲ್ಲ. ನನ್ನ ಕೈ ಹಿಡ್ಕೊಂಡಿದ್ರಿ. ನಿಮಗೆ ಗೊತ್ತಿರಬೇಕು.'

ಪ್ರಸನ್ನ ಹಣೆ ಸುಕ್ಕಾಗಿಸಿದ. 'ಹಾಸನದಲ್ಲಾ? ಯಾವ ಮ್ಯಾಚು?'

'ರಾಜ್ಯ ತಂಡದ ಸೆಲೆಕ್ಷನ್ನು. ನಾನು ಕೈ ಎತ್ತಿದ್ದು. ಶಾಲು ಹೊದ್ಸಿದ್ರಲ್ಲ.'

'ಅದು ಭದ್ರಾವತೀಲಿ ಅಲ್ವೇನೋ? ಮಳೆ ಬಂದು ನಿಂತೋಯ್ತಲ್ಲ, ಅದಲ್ವಾ?' ಪ್ರಸನ್ನ ಪ್ರಾಮಾಣಿಕವಾಗಿಯೇ ನೆನಪು ಮಾಡಿಕೊಳ್ಳಲು ನೋಡುತ್ತಿದ್ದ. 'ಎಷ್ಟು ಮ್ಯಾಚು ಆಡಿದೀವಿ ಮಾರಾಯ. ನಿನ್ನ ಯಾಕೆ ಕೈ ಧನಪಾಲ ಅಂತಿದ್ರು ಅನ್ನೋದೇ ನನಗೆ ಮರೆತೋಗಿತ್ತು. ಹಿಡಿತ ಗಟ್ಟಿ ಅಂತ ಇರಬೇಕು ಅಂದ್ಕೊಂಡಿದ್ದೆ.'

ಧನಪಾಲ ಎತ್ತಿಕೊಂಡೇ ತಿರುಗಿದ್ದ ಆ ಕೈಯನ್ನು ಪಕ್ಕದಲ್ಲಿದ್ದವನೇ ನೋಡಿರಲಿಲ್ಲ, ನೋಡಿದ್ದರೂ ನೆನಪಿಟ್ಟುಕೊಂಡಿರಲಿಲ್ಲ. ಜಗಲಿಯ ಊಟ ಪ್ರಸನ್ನನಿಗೆ ನೆನಪಿದೆಯೇ ಎಂದು ಕೇಳಬೇಕೆನಿಸಿತು. ಅದು ಹಾಸನವೋ ಭದ್ರಾವತಿಯೋ ಎಂದಾನು. ಕೇಳಲಿಲ್ಲ.

'ಇವತ್ತು ಅವಳ್ನ ಒಂದು ಮ್ಯಾಚ್ ಆಡ್ಸಿ ನೋಡಿ,' ಎಂದ. 'ಅಶ್ವಿನಿ ಎದುರೇ ಆಡ್ಸಿ. ನಾನು ಮೈದಾನದಲ್ಲಿ ಇರಲ್ಲ. ಆಚೆ ಇರ್ತೀನಿ. ಆಮೇಲೆ ನಿಮಗೆ ಹೆಂಗೆ ಕಾಣುತ್ತೋ ಹಂಗೆ ಮಾಡಿ.'

ಪ್ರಸನ್ನ ಕಾಲಾಡಿಸುವುದನ್ನು ನಿಲ್ಲಿಸಿದ. 'ಕೋಚ್ ಇಲ್ದೇ ಆಡ್ಸು ಅಂತ ಕೋಚೇ ಹೇಳೋದು ನಾನೆಲ್ಲೂ ಕೇಳಿಲ್ಲ ಕಣೋ,' ಎಂದ. 'ಆಯ್ತು. ಒಂದು ಮ್ಯಾಚು. ಅಷ್ಟೇ ಮತ್ತೆ.'

ನಯನಳಿಗೆ ಅವನು ಹೇಳಿದ್ದು ಇಷ್ಟೆ: 'ನಾನು ಗೇಟಿನಾಚೆ ಇರ್ತೀನಿ. ನೀನು ಆಡು.' ಅವಳು ಯಾಕೆಂದು ಕೇಳಲಿಲ್ಲ. ಶೂ ಲೇಸು ಬಿಗಿದುಕೊಂಡು ಓಡಿದಳು.

ಕಾಂಪೌಂಡ್ ಗೋಡೆಯ ಹೊರಗೆ ಕಬ್ಬಿನ ಹಾಲಿನ ಗಾಡಿಯೊಂದಿತ್ತು. ಅದರ ನೆರಳಿನಲ್ಲಿ ಧನಪಾಲ ನಿಂತ. ಗೋಡೆ ಅವನಿಗಿಂತ ಒಂದು ಮೊಳ ಎತ್ತರ. ಸೀಟಿ ಕೇಳಿಸಿತು, ಆಮೇಲೆ ಕಬಡ್ಡಿ ಕಬಡ್ಡಿ ಎನ್ನುವ ಹೆಣ್ಣು ದನಿ, ಅದು ಅಶ್ವಿನಿಯದೇ ಇರಬೇಕು, ಹತ್ತಿರ ಬಂದು ದೂರ ಹೋಯಿತು. ನೋಡದೆ ಆಟ ಕೇಳುವುದು ಅವನಿಗೆ ಹೊಸದು. ದನಿ ತುಂಡಾದಾಗ ಯಾರೋ ಬಿದ್ದರೆಂದು ಗೊತ್ತಾಗುತ್ತಿತ್ತು. ಯಾರು, ಯಾರ ಮೇಲೆ ಎಂಬುದು ತಿಳಿಯುತ್ತಿರಲಿಲ್ಲ. ಒಮ್ಮೆ ಒಂದು ದೊಡ್ಡ ಕೂಗೆದ್ದಿತು. ಅವನ ಬಲಗೈ ತೊಡೆಯ ಪಕ್ಕದಲ್ಲಿ ಬಿಗಿಯಾಯಿತು. ಗಾಡಿಯವಳು, ದಾಕ್ಷಾಯಣಮ್ಮ ಎಂದು ಗಾಡಿಯ ಮೇಲೆಯೇ ಬರೆಸಿಕೊಂಡಿದ್ದವಳು, 'ಒಳಗೋಗಿ ನೋಡ್ಬಾರ್ದಾ ಯಜಮಾನ್ರೇ? ಟಿಕೀಟಿಲ್ಲ ಏನಿಲ್ಲ,' ಎಂದಳು. 'ನೋಡಿದ್ರೆ ಆಡೋರಿಗೆ ಕಷ್ಟ' ಎಂದ. ಅವಳಿಗೆ ಅರ್ಥವಾಗದೆ ಕಬ್ಬನ್ನು ಮಡಿಸಿ ಗಾಣಕ್ಕೆ ಕೊಟ್ಟಳು. ಗಾಣದ ಸದ್ದಿನಲ್ಲಿ ಆಟವೂ ಕೇಳಿಸದಾಯಿತು. ಮೊದಲು ಅವನಿಗೆ ಸಿಟ್ಟು ಬಂತು. ಆಮೇಲೆ, ಕೇಳಿಸದೆ ಹೋದರೂ ಒಳಗೆ ಆಟ ನಡೆಯುತ್ತಲೇ ಇರುತ್ತದೆ ಎಂಬುದು ತೀರಾ ಸಾಧಾರಣ ಸಂಗತಿಯಾಗಿ ಹೊಳೆಯಿತು, ಕಾಲಿನ ನೋವೂ ಗೊತ್ತಾಯಿತು. ಗೋಡೆಯ ಬುಡದ ಕಲ್ಲಿನ ಮೇಲೆ ಕೂತ. ಒಂದು ಲೋಟ ಹಾಲು ತೆಗೆದುಕೊಂಡು ಕುಡಿದ. ತುಂಬ ಸಿಹಿಯಾಗಿತ್ತು.

ಹುಡುಗಿಯರು ಗೇಟಿನಿಂದ ಹೊರಬರಲು ತೊಡಗಿದಾಗ ನೆರಳು ಗೋಡೆಯ ಇನ್ನೊಂದು ಬದಿಗೆ ಹೋಗಿತ್ತು. ಕೆಲವರು ಮಾತಾಡುತ್ತ, ಒಬ್ಬಳು ಅಳುತ್ತ. ನಯನ ಕೊನೆಗೆ ಬಂದಳು. ಬನಿಯನ್ನಿನ ತುಂಬ ಮಣ್ಣು, ಗಲ್ಲದ ಮೇಲೆ ಒಂದು ತರಚು ಗಾಯ. ಅವನ ಮುಂದೆ ಬಂದು ನಿಂತು ಉಸಿರು ಬಿಟ್ಟಳು.

'ಹೆಸರು ಬಂತು ಸಾರ್.'

'ಬಂತಾ.'

'ಲೆಫ್ಟ್ ಕಾರ್ನರ್ ನಾನೇ ಅಂತೆ. ಅಶ್ವಿನೀನ ಎರಡು ಸಲ ಹಿಡಿದೆ.' ನಿಲ್ಲಿಸಿದಳು. ಬ್ಯಾಗಿನ ಪಟ್ಟಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು. ಆಮೇಲೆ, ಅವನ ಕಣ್ಣನ್ನೇ ನೋಡುತ್ತ ಹೇಳಿದಳು: 'ಒಂದ್ಸಲ ತಾಗ್ತು ಸಾರ್. ನಿಜವಾಗ್ಲೂ ತಾಗ್ತು. ಯಾರೂ ನೋಡ್ಲಿಲ್ಲ. ಅಶ್ವಿನಿಗೂ ಗೊತ್ತಾಗ್ಲಿಲ್ಲ. ನಾನು ಕೈ ಎತ್ಲಿಲ್ಲ.'

ದಾಕ್ಷಾಯಣಮ್ಮನ ಗಾಣ ನಿಂತಿತ್ತು. ಧನಪಾಲನಿಗೆ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ತನ್ನ ಕಣ್ಣು ಈಗ ಏನು ಮಾಡುತ್ತಿದೆಯೋ ಎಂಬ ಭಯದಿಂದ ಅವಳ ಮೊಣಕಾಲಿನ ಕಡೆಗೆ ನೋಡಿದ.

'ಎಲ್ಲಿ ತಾಗ್ತು?'

ಅವಳು ಬಗ್ಗಿ ಎಡ ಹಿಮ್ಮಡಿಯ ಮೇಲೆ ಬೆರಳಿಟ್ಟು ತೋರಿಸಿದಳು.

'ಹಿಂದೆ ಸರಿಯುವಾಗ ಆ ಕಾಲು ಮುಂದೇನೇ ಉಳ್ಕೊಂಡಿದೆ,' ಎಂದ. 'ಮೈ ಸರಿದಿದೆ, ಕಾಲು ಸರಿದಿಲ್ಲ. ಸೋಮವಾರ ಬೆಳಿಗ್ಗೆ ಬಾ, ಅದನ್ನ ಸರಿ ಮಾಡೋಣ.'